ಹೆಸರಿಲ್ಲದ ಗೆಳೆಯರು

ಕ್ರಿ.ಶ. 8ರಲ್ಲಿ ಚಕ್ರವರ್ತಿ ಆಗಸ್ಟಸನು ಕವಿ ಓವಿಡನನ್ನು ರೋಮಿನಿಂದ ಕಪ್ಪು ಸಮುದ್ರದ ದಡದ ತೋಮಿಸ್ ಎಂಬ ಊರಿಗೆ ಅಟ್ಟಿದನು. ಇಂದು ಅದು ರುಮೇನಿಯದಲ್ಲಿದೆ. ಒಂದು ಕಾವ್ಯ, ಒಂದು ಪ್ರಮಾದ ಇವೆರಡೇ ಕಾರಣವೆಂದು ಕವಿ ಹೇಳಿಕೊಂಡಿದ್ದಾನೆ. ಆ ಕಾಲದಲ್ಲಿ ಅವನು ಬರೆದ ‘ತ್ರಿಸ್ತಿಯ’ದ ಐದು ಭಾಗಗಳನ್ನೂ ‘ಪಾಂಟಸ್ ಪತ್ರಗಳ’ ನಾಲ್ಕು ಭಾಗಗಳನ್ನೂ ಬರಿಯ ಗೋಳಾಟವೆಂದು ಬದಿಗಿಡುವವರುಂಟು. ನಮಗೆ ಹಾಗೆ ತೋರುವುದಿಲ್ಲ.

ರೋಮನರ ‘ಒಫಿಕಿಯುಂ’ ಎಂಬ ಮಾತಿಗೆ ಕರ್ತವ್ಯವೆಂದೂ ಉಪಕಾರವೆಂದೂ ಅರ್ಥ. ನಮ್ಮ ‘ಋಣ’ ಅದರ ಇನ್ನೊಂದು ಮಗ್ಗುಲು. ಗೆಳೆಯನ ಸೇವೆಗೆ ಮರುಸೇವೆ ಸಲ್ಲಬೇಕು. ಗಡಿಪಾರಾದವನಲ್ಲಿ ಸಲ್ಲಿಸಲು ಏನಿದೆ? ಗೆಳೆಯನ ಹೆಸರನ್ನು ಪದ್ಯದಲ್ಲಿ ಉಳಿಸುವುದೊಂದೇ. ಆದರೆ ಅರಸನ ಮುನಿಸಿಗೆ ಗುರಿಯಾದವನ ಪದ್ಯದಲ್ಲಿ ಹೆಸರು ಬರುವುದೇ ಅಪಾಯ. ಆದುದರಿಂದ ‘ತ್ರಿಸ್ತಿಯ’ದಲ್ಲಿ ಗೆಳೆಯರು ಹೆಸರಿಲ್ಲದೆಯೇ ಬರುತ್ತಾರೆ, ಅವರಿಗೆ ಮಾತ್ರ ತಿಳಿಯುವ ಗುರುತುಗಳನ್ನು ಕವಿ ಇಡುತ್ತಾನೆ.

‘ಪಾಂಟಸ್ ಪತ್ರಗಳಲ್ಲಿ’ ಹೆಸರುಗಳು ಬಯಲಿಗೆ ಬರುತ್ತವೆ. ನಿಮಗಿದು ಬೇಡವೆಂದು ಬಲ್ಲೆ, ಆದರೂ ನೀವು ತಡೆಯಲಾರಿರಿ ಎಂಬ ಧಾಟಿ ಮೊದಲ ಪತ್ರದಲ್ಲಿಯೇ ಇದೆ. ಇದು ಕೃತಜ್ಞತೆಯೋ, ಸಾಲ ವಸೂಲಿಯೋ? ಎರಡೂ ಹೌದೆಂದೇ ನಮ್ಮ ಎಣಿಕೆ. ಹಾಡಿ ಹೊಗಳಿದವನು ಮರುಸಾಲಿನಲ್ಲಿಯೇ ಅರಸನ ಬಳಿ ತನ್ನ ಪರವಾಗಿ ಒಂದು ಮಾತಾಡೆಂದು ಬೇಡುತ್ತಾನೆ. ಈ ಮುಜುಗರವನ್ನು ಅವನು ಮುಚ್ಚಿಡದಿರುವುದೇ ಪತ್ರಗಳ ಸತ್ವ. ಆದರೂ ಹೆಸರು ಬೇಡವೆಂದು ಕೇಳಿಕೊಂಡ ಒಬ್ಬ ಗೆಳೆಯನ ಅಂಜಿಕೆಯನ್ನು ಆಕ್ಷೇಪಿಸುತ್ತಾನೆಯೇ ಹೊರತು ಹೆಸರನ್ನು ಹೇಳುವುದಿಲ್ಲ.

ಸೆಲ್ಸಸನ ಸಾವಿನ ಸುದ್ದಿ ತಲಪಿದಾಗ ಬರೆದ ಪತ್ರ ನಮಗೆ ಎಲ್ಲಕ್ಕಿಂತ ಮಿಗಿಲು. ಹೆಚ್ಚಿನವರು ದೂರ ಸರಿದಾಗ ಜೊತೆಗಿದ್ದವನು, ಪ್ರಾಣ ಕಳೆದುಕೊಳ್ಳಹೊರಟ ಕವಿಯ ಕೈಯನ್ನು ಹಿಡಿದು ತಡೆದವನು ಅವನು. ‘ತ್ರಿಸ್ತಿಯ’ದಲ್ಲಿಯೂ ಸಾಯಬಯಸಿದ ಕವಿಗೆ ಬದುಕೆಂದು ಬುದ್ಧಿಹೇಳಿದ ಅನಾಮಿಕನೊಬ್ಬನಿದ್ದಾನೆ. ಇಬ್ಬರೂ ಒಬ್ಬನೇ ಇರಬಹುದೇ? ಹೇಗಿದ್ದರೂ, ಹೆಸರಿನಿಂದ ಇನ್ನು ಯಾವ ಕೇಡೂ ತಟ್ಟದ ಗೆಳೆಯ ಸೆಲ್ಸಸನೊಬ್ಬನೇ.

ಕೊಟ್ಟಾನಿಗೆ ಬರೆದ ಪತ್ರವೊಂದರಲ್ಲಿ, ಅವನ ನಿಷ್ಠೆಯನ್ನು ಓವಿಡನು ತೋಮಿಸಿನ ಗೆಟೇ ಜನರ ಮುಂದೆ ಬಣ್ಣಿಸುತ್ತಾನೆ. ಆಗ ಮುದುಕನೊಬ್ಬ ತನ್ನ ಸೀಮೆಯ ಕಥೆ ಎತ್ತುತ್ತಾನೆ: ಬಲಿಪೀಠದ ಮುಂದೆ ನಿಂತ ಒರೆಸ್ಟಿಸ್ ಮತ್ತು ಪಿಲಾಡಿಸರು, ನಾನು ಸಾಯುವೆ, ನೀನು ಬದುಕು ಎಂದು ಪರಸ್ಪರ ವಾದಿಸಿದರು, ಅವರು ಜೀವನದಲ್ಲಿ ಆಡಿದ ಜಗಳ ಅದೊಂದೇ. ರೋಮಿನ ಗೆಳೆಯರು ಓದಲೆಂದು ಬರೆದ ಈ ಪತ್ರದಲ್ಲಿ, ಮುದುಕನ ಮಾತಿಗೆ ತಲೆದೂಗುವವರು ಅನಾಗರಿಕರೆನಿಸಿಕೊಂಡ ಗೆಟೇ ಜನರು.