ದ್ವಿರರ್ಬುದ ಶಬ್ದದ ಅರ್ಥವಿಚಾರ

ಸ್ತನಾರ್ಬುದವು ಮೂಲಸ್ಥಾನದಿಂದ ಎಲುಬು, ಯಕೃತ್ತು, ಶ್ವಾಸಕೋಶಗಳಿಗೆ ಹರಡುವುದನ್ನು ಸುಶ್ರುತಸಂಹಿತೆಯ ‘ದ್ವಿರರ್ಬುದ’ ಶಬ್ದದಿಂದ ನಿರ್ದೇಶಿಸುವುದುಂಟು. ಈ ಸಮೀಕರಣವು ವಿಚಾರಾರ್ಹವಾಗಿದೆ. ನಿದಾನಸ್ಥಾನದ 11ನೆಯ ಅಧ್ಯಾಯದಂತೆ, ಮೊದಲು ಹುಟ್ಟಿದುದರ ಮೇಲೆ ಹುಟ್ಟಿದುದು ಅಧ್ಯರ್ಬುದ. ಒಮ್ಮೆಗೇ ಆಗಲಿ ಕ್ರಮವಾಗಿ ಆಗಲಿ ಹುಟ್ಟಿದ ಜೋಡಿಯು ದ್ವಿರರ್ಬುದ, ಅದು ಅಸಾಧ್ಯ. ಇಲ್ಲಿ ಕ್ರಮವು ಉಕ್ತವಾಗಿದೆಯೇ ಹೊರತು ಕಾರ್ಯಕಾರಣಭಾವವಲ್ಲ. ಮೊದಲಿನದರ ಅಂಶವೇ ಎರಡನೆಯದಾಯಿತೆಂಬುದು ಆ ಮಾತಿನಿಂದ ಸಿದ್ಧಿಸದು.

1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟನು ಸ್ತನಾರ್ಬುದದಿಂದ ಮೃತರಾದ 735 ಮಂದಿಯ ವೃತ್ತಾಂತಗಳನ್ನು ಪರಿಶೀಲಿಸಿ, ಬೀಜವು ಎಲ್ಲೆಡೆ ಚೆಲ್ಲಿದರೂ ತಕ್ಕ ನೆಲದಲ್ಲಿಯೇ ಮೊಳೆಯುವುದೆಂದನು. ಅಂಕಲಿಯ ಕೃಷ್ಣಾತೀರದ ಒಕ್ಕಲಿಗನಿಗೆ ಈ ಬೀಜಕ್ಷೇತ್ರನ್ಯಾಯವನ್ನು ವಿವರಿಸಬೇಕಾಗಿಲ್ಲ. ಆದರೆ ಉಪಮೆಗೂ ಎಲ್ಲೆಯುಂಟು. ಹೊಲವನ್ನು ಹದಗೊಳಿಸುವವನು ಒಕ್ಕಲಿಗನು, ಬೀಜವಲ್ಲ. ಅರ್ಬುದದಲ್ಲಿಯಾದರೋ, ರಕ್ತವನ್ನು ಸೇರಿದ ಕೋಶಗಳಲ್ಲಿ ಬಹುಪಾಲು ನಾಶವಾದರೂ, ಮೂಲಗ್ರಂಥಿಯ ಸ್ರಾವಗಳೇ ದೂರದ ಅಂಗವನ್ನು ಮುಂಚಿತವಾಗಿ ಹದಗೊಳಿಸಬಲ್ಲುವೆಂದು 2005ರಲ್ಲಿ ಪ್ರಕಟವಾದ ಇಲಿಗಳ ಪರೀಕ್ಷೆಗಳು ತೋರಿಸಿದುವು.

ದ್ವಿರರ್ಬುದವೆಂದೊಡನೆ ‘ಅಸಾಧ್ಯ’ವೆಂಬ ನಿರ್ಣಯವೂ ಜೊತೆಗೆ ಬರುವುದು, ಹರಡುವ ಮಾರ್ಗವು ತಿಳಿದರೆ ತಡೆಯುವ ಯತ್ನಕ್ಕೆ ಎಡೆಯುಂಟು. ಕಂಡುದನ್ನು ಕಂಡಂತೆ ಬರೆದುದು ಸುಶ್ರುತನ ಹಿರಿಮೆ. ಹೇಳದುದನ್ನು ಅವನ ಬಾಯಿಂದ ಹೇಳಿಸುವುದು ಗೌರವವಲ್ಲ. ಆದುದರಿಂದ ಆ ಶಬ್ದವನ್ನು ಮೂಲಾರ್ಥದಲ್ಲಿಯೇ ಉಳಿಸಿ, ಈ ವ್ಯಾಪಾರವನ್ನು ‘ಸ್ಥಾನಾಂತರ’ವೆನ್ನುವುದು ಯುಕ್ತ.