ರೊಟ್ಟಿಗೆ ಗ್ಯಾಸು, ಜಳಕಕ್ಕೆ ಕಟಗಿ

ದಾಬೋಲ್‌ನಿಂದ ಬೆಂಗಳೂರಿಗೆ ಹೋಗುವ ಗ್ಯಾಸಿನ ಕೊಳವೆ 2013ರಿಂದಲೂ ಧಾರವಾಡ ಜಿಲ್ಲೆಯ ನೆಲದೊಳಗೇ ಹಾದುಹೋಗುತ್ತಿದೆ. ಅವಳಿನಗರದ ಹಲವು ಮನೆಗಳಿಗೆ ಪೈಪಿನ ಗ್ಯಾಸು ಬಂದೂ ಆಯಿತು. ಉಪ್ಪಿನಬೆಟಗೇರಿಯಂಥ ಊರಿನವರು ಮಾತ್ರ ಸಿಲಿಂಡರು, ಕರೆಂಟು, ಕಟಗಿ, ಕುಳ್ಳು ಇವುಗಳಲ್ಲೇ ಆರಿಸಿಕೊಳ್ಳಬೇಕು.

ಆರಿಸುವ ಪದ್ಧತಿ ನಮ್ಮ ಕಡೆ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಚಹಾ, ಅನ್ನ, ಬೀಗರು ಬಂದಾಗಿನ ಉಪ್ಪಿಟ್ಟು ಗ್ಯಾಸಿನ ಮೇಲೆ. ರೊಟ್ಟಿ ಕಟಗಿ ಒಲಿಯ ಮೇಲೆ. “ಗ್ಯಾಸಿನ ಮ್ಯಾಲಿನ ರೊಟ್ಟಿ ರೊಟ್ಟಿನ ಅಲ್ಲ ಬಿಡ್ರಿ” ಎಂಬ ಮಾತು ಕಟ್ಟೆಯ ಮೇಲೆ ಆಗಾಗ ಕೇಳುತ್ತದೆ. ಹೇಳುವವರಲ್ಲಿ ಹೆಚ್ಚಿನವರು ಹಂಚಿನ ಮುಂದೆ ಎಂದೂ ಕೂತವರಲ್ಲ. ಪ್ಯಾಟಿಯಿಂದ ಬಂದು ಉಪದೇಶ ಮಾಡುವವರದು ಇನ್ನೊಂದು ತುದಿ: ಒಲೆ ಎಲ್ಲಿದ್ದರೂ ಕಿತ್ತುಹಾಕಿ, ಅದು ಅಜ್ಞಾನದ ಗುರುತು. ಇಬ್ಬರ ಲೆಕ್ಕವೂ ತಪ್ಪಿದೆ. ಬೆಂಕಿ ಯಾವ ಕೆಲಸಕ್ಕೆ ಬೇಕು, ಅದರ ಮುಂದೆ ಯಾರು ಎಷ್ಟು ಹೊತ್ತು ಕೂಡುತ್ತಾರೆ ಎಂಬುದನ್ನು ಇಬ್ಬರೂ ಕೇಳಿಕೊಳ್ಳುವುದಿಲ್ಲ.

ರೊಟ್ಟಿಯ ಬುಟ್ಟಿ ತುಂಬಬೇಕಾದರೆ ತಾಸು ಹೊತ್ತು ಒಲಿಯ ಮುಂದೆಯೇ ಇರಬೇಕು. ಬಡಿಯುವುದು, ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು, ತಿರುವುವುದು, ಕೆಂಡಕ್ಕೆ ಒಡ್ಡುವುದು. ನಡುವೆ ಉರಿ ಇಳಿದರೆ ಊದುಗೊಳವಿ. ಹೊಗೆಗೂ ಮುಖಕ್ಕೂ ಗೇಣು ಅಂತರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಐದು ನಿಮಿಷದ ಚಹಾವನ್ನು ಗ್ಯಾಸಿಗೆ ಕೊಟ್ಟು, ತಾಸಿನ ರೊಟ್ಟಿಯನ್ನು ಹೊಗೆಗೆ ಬಿಟ್ಟರೆ ಸಿಲಿಂಡರು ತಂದೂ ಏನು ಉಪಕಾರವಾಯಿತು? ಇನ್ನು ರುಚಿಯ ಮಾತು. ಧಾರವಾಡದ ಎಷ್ಟೋ ಖಾನಾವಳಿಗಳಲ್ಲಿ ರೊಟ್ಟಿ ಬೇಯುವುದು ಗ್ಯಾಸಿನ ಮೇಲೆಯೇ. ಅಲ್ಲಿ ಎರಡು ಹೆಚ್ಚಿಗೆ ಕೇಳಿ ಹಾಕಿಸಿಕೊಂಡವರೇ ಊರಿಗೆ ಬಂದು ಈ ತಕರಾರು ತೆಗೆಯುತ್ತಾರೆ.

ಬಚ್ಚಲ ಒಲಿಯ ಸಂಗತಿ ಬೇರೆ. ನಾಕು ಮಂದಿಗೆ ತಲಾ 20 ಲೀಟರಿನ ಒಂದು ಬಕೆಟ್, ನೀರು 15 ಡಿಗ್ರಿ ಬಿಸಿಯಾದರೆ ಸಾಕು ಎಂದುಕೊಳ್ಳಿ. ಅದಕ್ಕೆ ದಿನಕ್ಕೆ 1.4 ಯೂನಿಟ್ಟಿನಷ್ಟು ಶಾಖ ಬೇಕು. ಗ್ಯಾಸಿನಲ್ಲಿ ಕಾಸಿದರೆ ತಿಂಗಳಿಗೆ ಐದೂವರೆ ಕಿಲೋ, ಅಂದರೆ 14.2 ಕಿಲೋ ಸಿಲಿಂಡರಿನ ಮೂರನೇ ಒಂದು ಪಾಲಿಗೂ ಹೆಚ್ಚು. ದಿನಾ ಒಂದು ತಾಸು ರೊಟ್ಟಿ ಬೇಯಿಸಲು ತಿಂಗಳಿಗೆ ತಗಲುವುದು ಸುಮಾರು ನಾಲ್ಕೈದು ಕಿಲೋ. ಜಳಕಕ್ಕೆ ಸುಡುವ ಗ್ಯಾಸಿನಲ್ಲಿ ಮನೆಯ ರೊಟ್ಟಿ ಪೂರಾ ಆಗುತ್ತದೆ. ಉಜ್ವಲಾ ಸಂಪರ್ಕ ಪಡೆದ ಮನೆಗಳು ವರ್ಷಕ್ಕೆ ತುಂಬಿಸಿಕೊಳ್ಳುವುದು ಸರಾಸರಿ ನಾಲ್ಕು ಸಿಲಿಂಡರಿನ ಆಸುಪಾಸು. ಅಷ್ಟರಲ್ಲಿ ಎರಡಕ್ಕೂ ಸಾಲದು, ಒಂದನ್ನು ಬಿಡಲೇಬೇಕು.

ಬಿಡಬೇಕಾದದ್ದು ಹಂಡೆಯನ್ನು. ಅದರ ಮುಂದೆ ಯಾರೂ ತಾಸುಗಟ್ಟಲೆ ಕೂಡುವುದಿಲ್ಲ. ಕಟಗಿ ತುರುಕಿ ಎದ್ದು ಹೋಗಬಹುದು. ಹಳೆಯ ಮನೆಗಳಲ್ಲಿ ಬಚ್ಚಲು ಅಡುಗೆಮನೆಯ ಮೂಲೆಯಲ್ಲೇ ಇರುತ್ತದೆ, ಅದೊಂದು ತೊಡಕು ಹೌದು. ಅಲ್ಲಿ ಒಲಿಯನ್ನು ಹಿತ್ತಲಿಗೆ ಒಯ್ಯಬೇಕು, ಇಲ್ಲವೇ ಹೊಗೆಕೊಳವೆ ಹಾಕಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಒಲೆಯಲ್ಲಿ ಜಾಳಿಗೆಯೂ ಹೊಗೆಕೊಳವೆಯೂ ಇದ್ದದ್ದು ಇದಕ್ಕೇ: ಕಡಿಮೆ ಕಟಗಿ, ಹೊರಗೆ ಹೋಗುವ ಹೊಗೆ.

ಕಟಗಿ ಪುಕ್ಕಟೆ ಎನ್ನುವುದನ್ನು ಮಾತ್ರ ಪೂರ್ತಿ ಒಪ್ಪಲಾರೆ. ಕರಿಮಣ್ಣಿನ ಹೊಲದಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಕಟಗಿ ಕಿತ್ತು ಮನೆಯ ಬದಿಗೆ ಒಟ್ಟುತ್ತಾರೆ. ಅದಕ್ಕಂಟಿದ ಒಣಕಾಯಿಗಳೊಳಗೆ ಗುಲಾಬಿ ಕಾಯಿಕೊರಕದ ಹುಳು ಬೇಸಿಗೆ ಕಳೆದು, ಮುಂದಿನ ಹಂಗಾಮಿನಲ್ಲಿ ಹೊಲಕ್ಕೆ ಹೊರಡುತ್ತದೆ. ಹತ್ತಿ ಕಟಗಿಯನ್ನು ಮಳೆಗಾಲದವರೆಗೆ ಇಡುವವರು ಒಲಿಗೆ ಉಳಿಸಿದ್ದನ್ನು ಔಷಧದ ಡಬ್ಬಿಗೆ ಕೊಡುತ್ತಾರೆ. ಕಾಯಿ ಉದುರಿಸಿ ಸುಡಬೇಕು. ಒಟ್ಟಿಲನ್ನು ಬಿತ್ತನೆಯ ಮೊದಲೇ ಖಾಲಿ ಮಾಡಬೇಕು. ಕುಳ್ಳಂತೂ ಇನ್ನೂ ತುಟ್ಟಿ. ಸೆಗಣಿ ಸುಟ್ಟರೆ ಅದರ ಸಾರಜನಕ ಗಾಳಿಗೆ ಹೋಗುತ್ತದೆ, ಹೊಲಕ್ಕೆ ಬೂದಿಯಷ್ಟೇ ಉಳಿಯುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ. ಆದರೆ ಎರಡು ಘನ ಮೀಟರಿನ ಗುಂಡಿಗೆ ದಿನಾ 50 ಕಿಲೋ ಸೆಗಣಿ ಬೇಕು, ಅಂದರೆ ನಾಲ್ಕೈದು ದನ. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಮಾರಿದ ಮನೆಗೆ ಆ ದಾರಿ ಮುಚ್ಚಿದೆ.

“ಕರೆಂಟ್ ಫ್ರೀ ಐತಲ್ರಿ, ಕಾಯಿಲ್ ಹಚ್ಚಿದ್ರಾತು” ಎನ್ನುವವರು ಗೃಹಜ್ಯೋತಿಯ ನಿಯಮ ಓದಿಲ್ಲ. 200 ಯೂನಿಟ್ ಮೇಲಿನ ಮಿತಿ. ನಿಮ್ಮ ಪಾಲಿಗೆ ಬರುವುದು 2022-23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. ಎರಡು ಬಲ್ಬು, ಫ್ಯಾನು, ಟಿವಿ ಇದ್ದ ಮನೆಯ ಸರಾಸರಿ ಎಷ್ಟಿದ್ದೀತು? ದಿನಕ್ಕೆ 1.4ರಂತೆ ಜಳಕದ ನೀರಿಗೆ ಕಾಯಿಲು ತಿಂಗಳಿಗೆ ಎಳೆಯುವ 42 ಯೂನಿಟ್ಟಿನಲ್ಲಿ ಬಹುಪಾಲಿಗೆ ಬಿಲ್ಲು ಬರುತ್ತದೆ. ಬಕೆಟ್ಟಿಗೆ ಕೈಯದ್ದಿ ನೋಡುವ ಮಕ್ಕಳ ಜೀವಭಯ ಬೇರೆ.

ಸೋಲಾರ್ ಹೀಟರು ನಮ್ಮ ಮಾಗಿಗೆ ಹೇಳಿ ಮಾಡಿಸಿದ್ದು. ಚಳಿ ಜೋರಿರುವ ತಿಂಗಳಲ್ಲೇ ಆಕಾಶ ನಿಚ್ಚಳ. ಆದರೆ ಅದಕ್ಕೆ ಮೇಲಿನಿಂದ ನೀರಿಳಿಯುವ ಟಾಕಿ ಬೇಕು, ಭಾರ ತಡೆಯುವ ಸ್ಲ್ಯಾಬು ಬೇಕು. ಮಣ್ಣಿನ ಮಾಳಿಗೆಗೆ ಆ ಮಾತೇ ಇಲ್ಲ. ಬೋರಿನ ಗಡಸು ನೀರಾದರೆ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. ಸ್ಲ್ಯಾಬಿನ ಮನೆ ಕಟ್ಟುತ್ತಿರುವವರು ಹಾಕಿಸಲಿ, ಹಂಡೆಯ ಒಲಿಯನ್ನು ಶ್ರಾವಣದ ಮೋಡಕ್ಕೆ ಇಟ್ಟುಕೊಳ್ಳಲಿ.

ಉಳಿದವರಿಗೆ ನನ್ನ ತೀರ್ಪು ಇಷ್ಟು: ಸಿಲಿಂಡರು ಒಂದೇ ಇದ್ದರೆ ಮೊದಲ ಹಕ್ಕು ರೊಟ್ಟಿಯ ಹಂಚಿಗೆ. ಕಟಗಿಯ ಘಮ ಬೇಕೇ ಬೇಕು ಎನ್ನುವ ಯಜಮಾನರು ಎಳ್ಳಮಾವಾಸ್ಯೆಗೆ ಒಂದು ದಿನ ಒಲಿಯ ಮುಂದೆ ತಾವೇ ಕೂತು ಬಡಿಯಲಿ.