ರಸಿಕರ ಕೈಯ ಮೊಬೈಲು

ಕನ್ನಡದ ಓದುಗರಿಗೆ ಗೊರೂರು ಎಂದರೆ ನಗು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿ ದಂಡೆಯ ಈ ಊರನ್ನು ಕಣ್ಣಮುಂದಿಟ್ಟುಕೊಂಡು ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಬರೆದರು. ಹಳ್ಳಿಯ ಹರಟೆಗೆ ಕನ್ನಡ ಗದ್ಯದಲ್ಲಿ ಜಾಗ ಸಿಕ್ಕಿತು. ಆ ಗದ್ಯದ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ‘ರಸಿಕ’ ಎಂಬ ಮಾತು ಮಾತ್ರ ಇವತ್ತು ನಮ್ಮ ಗಂಟಲಲ್ಲಿ ಇಳಿಯುತ್ತಿಲ್ಲ. ಕಟ್ಟೆಯ ಮೇಲೆ ಕೂತು ನೋಡುವವನು ರಸಿಕನಾದರೆ, ಕಟ್ಟೆಯ ಮುಂದೆ ಕೊಡ ಹೊತ್ತು ಹೋಗುವವಳು ಯಾರು? ಆ ಕಟ್ಟೆ ಹತ್ತುವ ಹಕ್ಕು ನಮ್ಮ ಕೇರಿಯ ಹಿರಿಯರಿಗೆ ಇರಲಿಲ್ಲ. ನಮ್ಮ ಅವ್ವಂದಿರು ಸೆರಗು ಎಳೆದುಕೊಂಡು, ತಲೆ ತಗ್ಗಿಸಿ ಅದನ್ನು ದಾಟಿದರು. ನೋಡುವ ಹಕ್ಕು ಒಬ್ಬನಿಗೆ, ನೋಟಕ್ಕೆ ಗುರಿಯಾಗುವ ಪಾಡು ಇನ್ನೊಬ್ಬಳಿಗೆ. ನಮ್ಮ ವಿಮರ್ಶೆ ರಸದ ಬಗ್ಗೆ ಪುಟಗಟ್ಟಲೆ ಬರೆಯಿತು, ಈ ಹಂಚಿಕೆಯ ಬಗ್ಗೆ ಎಷ್ಟು ಬರೆಯಿತು?

ಈಗ ಕಟ್ಟೆ ಮೊಬೈಲಿನೊಳಕ್ಕೆ ಬಂದಿದೆ. ಅಲ್ಲಿ ಮೇಲು ಕೀಳಿಲ್ಲ, ಯಾರು ಬೇಕಾದರೂ ಮಾತಾಡಬಹುದು ಎನ್ನುತ್ತಾರೆ. ಸರ್ಕಾರದ ಲೆಕ್ಕವನ್ನೇ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ತಾನೇ ಬಳಸುವ ಮೊಬೈಲು ಇದ್ದದ್ದು ನೂರಕ್ಕೆ 54 ಹೆಂಗಸರಿಗೆ. ಉಳಿದವರದು ಗಂಡನದೋ ಮಗನದೋ ಫೋನು. ಬಳಸುವವರ ಸ್ಥಿತಿಯಾದರೂ ಏನು? ನಮ್ಮ ಜೊತೆ ಓದಿದ ಹುಡುಗರ ಡಿಪಿಯಲ್ಲಿ ಲೀಡರ ಪಕ್ಕ ನಿಂತ ಫೋಟೋ. ಹುಡುಗಿಯರ ಡಿಪಿಯಲ್ಲಿ ಗುಲಾಬಿ ಹೂವು, ಕೃಷ್ಣನ ಕೊಳಲು, ಇಲ್ಲವೇ ಯಾರದೋ ಮಗು. ಮುಖ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೋ ಎಂಬ ಭಯ. ಆಕೆಯ ಫೋನಿನ ಪಾಸ್‌ವರ್ಡು ಅಣ್ಣನಿಗೆ ಗೊತ್ತಿರಬೇಕು, ಅಣ್ಣನದು ಯಾರಿಗೂ ಗೊತ್ತಿರಬೇಕಿಲ್ಲ. ಹೊಸ ಯಂತ್ರ ಬಂದಿದೆ, ಯಜಮಾನ ಹಳಬನೇ.

ಇದು ಯಾವ ಮಟ್ಟಕ್ಕೆ ಹೋಗಬಲ್ಲದು ಎಂಬುದನ್ನು 2024ರ ಏಪ್ರಿಲ್‌ನಲ್ಲಿ ಇದೇ ಹಾಸನ ಜಿಲ್ಲೆ ತೋರಿಸಿತು. ಏಪ್ರಿಲ್ 26ಕ್ಕೆ ಲೋಕಸಭೆಯ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಪೆನ್‌ಡ್ರೈವುಗಳು ಜಿಲ್ಲೆಯ ತುಂಬ ಹರಿದಾಡಿದವು. ಅಂದಿನ ಸಂಸದ ಪ್ರಜ್ವಲ್ ರೇವಣ್ಣನ ಹೆಸರು ತಳುಕು ಹಾಕಿಕೊಂಡ ಆ ವಿಡಿಯೋಗಳಲ್ಲಿ ಹೆಣ್ಣುಮಕ್ಕಳ ಮುಖ ಮುಚ್ಚಿರಲಿಲ್ಲ. ಪೆನ್‌ಡ್ರೈವಿನಿಂದ ವಾಟ್ಸಾಪಿಗೆ, ಗ್ರೂಪಿನಿಂದ ಗ್ರೂಪಿಗೆ, ಊರಿನಿಂದ ಊರಿಗೆ ಹೋದವು. ಗೊರೂರಿನ ಅಣೆಕಟ್ಟೆಯ ಗೇಟು ತೆಗೆಯುವ ಮೊದಲು ಹೊಳೆದಂಡೆಯ ಜನಕ್ಕೆ ಎಚ್ಚರಿಕೆ ಕೊಡುತ್ತಾರೆ. ದನಕರು ಕಟ್ಟಿಕೊಳ್ಳಲು, ಸಾಮಾನು ಎತ್ತಿಟ್ಟುಕೊಳ್ಳಲು ಹೊತ್ತು ಸಿಗುತ್ತದೆ. ಈ ಗೇಟು ತೆಗೆದವರು ಆ ಹೆಣ್ಣುಮಕ್ಕಳಿಗೆ ಒಂದು ಮಾತೂ ಹೇಳಲಿಲ್ಲ. ಹಂಚಿದವರಿಗೆ ಚುನಾವಣೆ ಕಂಡಿತು, ನೋಡಿದವರಿಗೆ ಮೋಜು ಕಂಡಿತು. ಹೆಣ್ಣುಮಕ್ಕಳು ಮನೆಬಿಟ್ಟು ಹೋಗುವಂತಾಯಿತು.

ಆ ದಿನಗಳಲ್ಲಿ ಕಟ್ಟೆ ಕೇಳಿದ ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಬೇಕು. ‘ಅವ್ಳು ಅಲ್ಲಿಗೆ ಯಾಕೋದ್ಲು?’ ‘ಆಗ್ಲೇ ಯಾಕೆ ಬಾಯಿಬಿಡ್ಲಿಲ್ಲ?’ ‘ಯಾವೂರು, ಯಾರ ಪೈಕಿ?’ ಮೂರು ಪ್ರಶ್ನೆಗಳೂ ಹೆಣ್ಣಿಗೇ. ‘ನಿನಗೆ ಇದನ್ನು ಕಳಿಸಿದವರು ಯಾರು, ನೀನು ಯಾರಿಗೆ ಕಳಿಸಿದೆ?’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕಟ್ಟೆ ಕೇಳಲಿಲ್ಲ. ಕೇಳಿದ್ದರೆ ಕಟ್ಟೆಯೇ ಖಾಲಿಯಾಗುತ್ತಿತ್ತು.

ರಾಜ್ಯ ಮಹಿಳಾ ಆಯೋಗ ಮುಖ್ಯಮಂತ್ರಿಗೆ ಪತ್ರ ಬರೆಯಿತು, ವಿಶೇಷ ತನಿಖಾ ದಳ ರಚನೆಯಾಯಿತು. ಹೊರದೇಶಕ್ಕೆ ಹೋಗಿದ್ದ ಸಂಸದ ಮೇ 31ರಂದು ಬೆಂಗಳೂರಿನಲ್ಲಿ ಇಳಿದಾಗ ಬಂಧನವಾಯಿತು. 2025ರ ಆಗಸ್ಟ್ 1ರಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಆತನನ್ನು ಅತ್ಯಾಚಾರದ ಅಪರಾಧಿ ಎಂದಿತು. ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಎದುರು ನಿಂತು ಸಾಕ್ಷಿ ನುಡಿದವಳು ಮನೆಗೆಲಸದ ಹೆಣ್ಣುಮಗಳು. ಆಕೆಯ ಸೀರೆಯೂ ಸಾಕ್ಷಿಯಾಯಿತು. ಅದೇ ತೀರ್ಪಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಅಪರಾಧವೂ ಸೇರಿತು. ಒಬ್ಬರ ಖಾಸಗಿ ಅಂಗಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಮಾತ್ರವಲ್ಲ, ಹರಡುವುದೂ ಆ ಕಲಮಿನಲ್ಲಿ ಅಪರಾಧ.

‘ವಿಡಿಯೋ ಹಂಚಿದ್ದಕ್ಕೇ ಅಲ್ವಾ ನ್ಯಾಯ ಸಿಕ್ಕಿದ್ದು?’ ಎಂದು ಕೇಳುವ ಗೆಳೆಯರಿದ್ದಾರೆ. ಇದಕ್ಕೆ ನೇರ ಉತ್ತರ ಕೊಡಬೇಕು. ಸಾಕ್ಷ್ಯ ಹೋಗಬೇಕಾದದ್ದು ಪೊಲೀಸರ ಕೈಗೆ, ನ್ಯಾಯಾಲಯದ ಮೇಜಿಗೆ. ಬಸ್‌ಸ್ಟ್ಯಾಂಡಿಗಲ್ಲ. ಶಿಕ್ಷೆ ಕೊಡಿಸಿದ್ದು ಒಬ್ಬ ಹೆಣ್ಣುಮಗಳ ದೂರು ಮತ್ತು ಧೈರ್ಯ. ಹಂಚಿದವರ ಬೆರಳಿಗೆ ಆ ಪುಣ್ಯ ಸಲ್ಲುವುದಿಲ್ಲ. ಮೊದಲು ಒಬ್ಬ ಅಧಿಕಾರದ ಬಲದಿಂದ ಆಕೆಯ ಮಾನದ ಮೇಲೆ ಕೈಹಾಕಿದ. ಆಮೇಲೆ ಅದೇ ಕೆಲಸವನ್ನು ಊರೇ ಕುಂತಲ್ಲಿಂದ ಮಾಡಿತು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಳ್ಳೆಯ ತೀರ್ಪು. ಆದರೆ ಖಾಸಗಿತನಕ್ಕೆ ಮೊದಲು ಒಂದು ಗೋಡೆ ಬೇಕು, ಒಂದು ಬಾಗಿಲು, ಒಂದು ಚಿಲಕ ಬೇಕು. ಬಚ್ಚಲಿಲ್ಲದ ಗುಡಿಸಲಲ್ಲಿ, ಕತ್ತಲಾಗಲಿ ಎಂದು ಕಾದು ಬಯಲಿಗೆ ಹೋದ ನಮ್ಮ ಅವ್ವಂದಿರಿಗೆ ಅದು ಯಾವತ್ತು ಸಿಕ್ಕಿತ್ತು? ದೊಡ್ಡಮನೆಯ ಗುಟ್ಟು ‘ಮರ್ಯಾದೆ’ ಎನಿಸಿಕೊಂಡು ಒಳಗೇ ಉಳಿಯಿತು. ಕೂಲಿಯವಳ ಗುಟ್ಟು ಊರಿನ ಸುದ್ದಿಯಾಯಿತು. ಖಾಸಗಿತನವೂ ಭೂಮಿಯ ಹಾಗೆಯೇ, ಉಳ್ಳವರ ಹೆಸರಿಗೆ ಖಾತೆಯಾಗಿತ್ತು.

ಕೂಲಿಯವಳಿಗೆ ಮಾತ್ರವೇ ಈ ಗತಿ ಎಂದುಕೊಳ್ಳಬೇಡಿ. ಹಾಸನದವರೇ ಆದ, ಬಂಡಾಯದ ಜೊತೆಗೇ ಬೆಳೆದ ಬಾನು ಮುಷ್ತಾಕ್ ಅವರನ್ನು ನೋಡಿ. ಹೆಣ್ಣುಮಕ್ಕಳಿಗೂ ಮಸೀದಿಯೊಳಗೆ ಹೋಗುವ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಅವರಿಗೆ ಬಹಿಷ್ಕಾರ. ಆಗ ವಾಟ್ಸಾಪು ಇರಲಿಲ್ಲ, ಬಹಿಷ್ಕಾರಕ್ಕೇನೂ ಕೊರತೆಯಾಗಲಿಲ್ಲ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಮೊಬೈಲುಗಳೆಲ್ಲ ‘ಕನ್ನಡದ ಹೆಮ್ಮೆ’ ಎಂದವು. ಮೈಸೂರು ದಸರಾ ಉದ್ಘಾಟನೆಗೆ ಕರೆದದ್ದೇ ತಡ, ಹಳೆಯ ಭಾಷಣದ ತುಣುಕು ಹುಡುಕಿ ಹರಡಿದರು. ಕುಂಕುಮ ಇಡುತ್ತಾರೋ, ಹೂ ಮುಡಿಯುತ್ತಾರೋ ಎಂದು ಅಳತೆಗೆ ನಿಂತರು. ಕತೆ ಓದಿದವರೆಷ್ಟು, ಹಣೆ ನೋಡಿದವರೆಷ್ಟು? ಸೆಪ್ಟೆಂಬರ್ 22ರಂದು ಅವರು ಚಾಮುಂಡಿಬೆಟ್ಟ ಹತ್ತಿ ಉದ್ಘಾಟಿಸಿಯೇ ಬಂದರು.

ಕೊನೆಗೆ ನಮ್ಮವರ ಮಾತು. ಹಾಸನದ ವಿಡಿಯೋಗಳು ಮೇಲ್ಜಾತಿಯವರ ಮೊಬೈಲಿನಲ್ಲಿ ಮಾತ್ರ ಓಡಾಡಲಿಲ್ಲ. ನೀಲಿ ಬಾವುಟದ ಡಿಪಿ ಇದ್ದ ಫೋನುಗಳಿಗೂ ಬಂದವು. ತಲತಲಾಂತರ ಕಟ್ಟೆ ಹತ್ತಬಾರದು ಎನಿಸಿಕೊಂಡವರ ಮಕ್ಕಳು ಈಗ ಸಿಕ್ಕ ಕಟ್ಟೆಯ ಮೇಲೆ ರಸಿಕರಾಗಿ ಕೂರುವುದಾದರೆ, ಈ ಹೋರಾಟ ಯಾಕೆ? 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು ಒಂದು ಸಮುದಾಯದ ಪ್ರಗತಿಯನ್ನು ಅದರ ಹೆಣ್ಣುಮಕ್ಕಳ ಪ್ರಗತಿಯಿಂದ ಅಳೆಯುತ್ತೇನೆ ಎಂಬರ್ಥದ ಮಾತು ಹೇಳಿದರು. ಆ ಅಳತೆಗೋಲನ್ನು ನಮ್ಮ ಗ್ರೂಪುಗಳಿಗೂ ಹಿಡಿಯೋಣ.

ಕನ್ನಡ ಕಾವ್ಯಮೀಮಾಂಸೆ ಓದುಗನನ್ನು ‘ಸಹೃದಯ’ ಎಂದು ಕರೆಯಿತು. ಇನ್ನೊಬ್ಬರ ನೋವು ತನ್ನ ಎದೆಗೂ ತಾಕುವವನು ಎಂದು ನಾವು ಅದಕ್ಕೆ ಅರ್ಥ ಹೇಳೋಣ. ಅಂಥವನಿಗೆ ಆ ವಿಡಿಯೋ ಬಂದರೆ ಏನು ಮಾಡುತ್ತಾನೆ? ತೆರೆಯುವುದಿಲ್ಲ, ಮುಂದಕ್ಕೆ ಕಳಿಸುವುದಿಲ್ಲ, ಅಳಿಸಿ ಸುಮ್ಮನೆಯೂ ಕೂರುವುದಿಲ್ಲ. ‘ಇದನ್ನ ಇಲ್ಲಿ ಯಾಕ್ ಹಾಕ್ದೆ?’ ಎಂದು ಅದೇ ಗ್ರೂಪಿನಲ್ಲಿ ಎಲ್ಲರೆದುರು ಕೇಳುತ್ತಾನೆ. ಮೇಷ್ಟ್ರುಗಳು ಎಂಟನೇ ಕ್ಲಾಸಿನಿಂದಲೇ ಗಂಡುಹುಡುಗರಿಗೆ ಈ ಪಾಠ ಹೇಳಲಿ. ಹುಡುಗಿಯರಿಗೆ ‘ಹುಷಾರಾಗಿರ್ರಮ್ಮ’ ಎಂದು ಹೇಳಿದ್ದು ಸಾಕು.

ಹೇಮಾವತಿ ಗೊರೂರು ದಾಟಿ ಹೊಳೆನರಸೀಪುರದ ಕಡೆಗೇ ಹರಿಯುತ್ತಾಳೆ. ಆ ದಂಡೆಯಲ್ಲಿ ಮುಖ ಮುಚ್ಚಿಕೊಂಡು ಊರು ಬಿಟ್ಟವರು ತಲೆಯೆತ್ತಿ ವಾಪಸು ಬರಬೇಕು. ಅವರು ಬರುವ ದಾರಿಯಲ್ಲಿ ಕಟ್ಟೆ ಇದ್ದೇ ಇರುತ್ತದೆ. ಅದರ ಮೇಲೆ ಕೂತವರು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದೇ ನಮ್ಮ ಕಾಲದ ಸಾಹಿತ್ಯಕ್ಕೂ ಚಳವಳಿಗೂ ಪರೀಕ್ಷೆ.